ಪಟ್ಟಿಯಲ್ಲಿ ಉಳಿದ ಹೆಸರು

ದೆವ್ವ ಭೂತದ ಮಾತು ಶುರುವಾದರೆ ಎದ್ದು ಹೋಗಿ ಕಾಫಿ ಮಾಡುವ ಜಾತಿಯವನು ನಾನು. ಚಿಕಾಗೋ ಹತ್ತಿರದ ನಮ್ಮ ನೇಪರ್‌ವಿಲ್‌ನಲ್ಲಿ, ಮನೆಗೊಂದು ಅಡುಗೆ ತಂದು ಕೂಡಿ ಉಣ್ಣುವ ಪಾಟ್‌ಲಕ್ ಊಟಗಳಲ್ಲಿ, ಮಕ್ಕಳೆಲ್ಲ ಬೇಸ್‌ಮೆಂಟಿಗೆ ಇಳಿದ ಮೇಲೆ, ಯಾರಾದರೊಬ್ಬರು ದನಿ ತಗ್ಗಿಸಿ ತಮ್ಮ ಅಜ್ಜನಿಗೆ ಹುಣಸೆಮರದ ಕೆಳಗೆ ಕಂಡದ್ದನ್ನು ಹೇಳತೊಡಗುತ್ತಾರೆ. ಕಂಡದ್ದು ಯಾವಾಗಲೂ ಅಜ್ಜನಿಗೇ. ಹೇಳುವವರಿಗೆ ಏನೂ ಕಂಡಿರುವುದಿಲ್ಲ. ಇದನ್ನು ಎತ್ತಿ ತೋರಿಸಿ ನಾನು ಎಷ್ಟೋ ಜನರ ಕಥೆ ಕೆಡಿಸಿದ್ದೇನೆ, ಹೆಂಡತಿಯಿಂದ ಕಾರಿನಲ್ಲಿ ಬೈಸಿಕೊಂಡಿದ್ದೇನೆ. ಈಗ ಬರೆಯುತ್ತಿರುವುದು ಅಜ್ಜನದಲ್ಲ, ನನ್ನದೇ ಅನುಭವ. ನಡೆದದ್ದು ಹಾಡಹಗಲಿನಲ್ಲಿ, ಹತ್ತಾರು ಜನರ ನಡುವೆ. ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ. ನಂಬಬೇಕೋ ಬೇಡವೋ ಎಂದು ನನಗೇ ಇನ್ನೂ ಗೊತ್ತಾಗಿಲ್ಲ.

ಅದು ರಿಸೆಷನ್ನಿನ ಕಾಲ. ಲಿಸ್ಲ್‌ನ ನಮ್ಮ ಆಫೀಸಿನಲ್ಲಿ ಒಂದೊಂದೇ ಕ್ಯೂಬಿಕಲ್ ಖಾಲಿಯಾಗುತ್ತ ಬಂದು, ವಸಂತದ ಹೊತ್ತಿಗೆ ನನ್ನದೂ ಖಾಲಿಯಾಗಿತ್ತು. ನನಗಿಂತ ಮೊದಲು ಕೆಲಸ ಹೋದದ್ದು ಭಾವನಿಗೆ. ನನ್ನ ಅಕ್ಕ ವತ್ಸಲಾ, ಭಾವ ಪ್ರಲ್ಹಾದ ಇಬ್ಬರೂ ಡೆಟ್ರಾಯಿಟ್ ಹತ್ತಿರದ ನೋವೈಯಲ್ಲಿದ್ದರು. ಭಾವ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಅಚ್ಚುಗಳನ್ನು ಡಿಸೈನ್ ಮಾಡುವವರು. ಇಂಚಿನ ಸಾವಿರದ ಒಂದು ಭಾಗದಲ್ಲಿ ಯೋಚಿಸುವ ಮನುಷ್ಯ. ಕೆಲಸ ಹೋದ ಮೇಲೂ ಬೆಳಿಗ್ಗೆ ಏಳಕ್ಕೆ ಸ್ನಾನ ಮಾಡಿ, ಬೂದು ಸ್ವೆಟರ್ ಹಾಕಿಕೊಂಡು, ಬೇಸ್‌ಮೆಂಟಿನ ವರ್ಕ್‌ಬೆಂಚಿಗೆ ಇಳಿದುಬಿಡುತ್ತಿದ್ದರಂತೆ. ಜನವರಿಯ ಒಂದು ಬೆಳಿಗ್ಗೆ ಡ್ರೈವ್‌ವೇಯಲ್ಲಿ ಹಿಮ ತೆಗೆಯುತ್ತಿದ್ದವರು ಅಲ್ಲೇ ಕುಸಿದರು. ಆಂಬುಲೆನ್ಸ್ ಬರುವ ಹೊತ್ತಿಗೆ ಮುಗಿದಿತ್ತು.

ಅದಾದ ಮೇಲೆ ಅಕ್ಕ ಕಿಟಕಿಯ ಪರದೆ ಸರಿಸುವುದನ್ನು ಬಿಟ್ಟಳು. ನಾನು ಎರಡು ವಾರಕ್ಕೊಮ್ಮೆ ಐದು ತಾಸು ಡ್ರೈವ್ ಮಾಡಿಕೊಂಡು ಹೋದರೆ ಅಡುಗೆ ಮಾಡಿ ಬಡಿಸುತ್ತಿದ್ದಳು, ತಾನು ಎರಡು ತುತ್ತು ತಿಂದು ತಟ್ಟೆ ಎತ್ತುತ್ತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಅಕ್ಕ ಗಂಡನ ಹೆಸರನ್ನು ಬಾಯಿ ಬಿಟ್ಟು ಹೇಳಿದವಳಲ್ಲ. ನಮ್ಮ ಧಾರವಾಡದ ಕಡೆ ಹಳೇ ಹೆಂಗಸರು ಹಾಗೆ. ಮದುವೆಯಲ್ಲಿ ಹೇಳಲೇಬೇಕು ಎಂದು ಎಲ್ಲರೂ ಕಾಡಿದಾಗ ಮಾತ್ರ ಪ್ರಾಸ ಕಟ್ಟಿ ಒಡಪಿನಲ್ಲಿ ಹೇಳುತ್ತಾರೆ. ಅಕ್ಕನ ಒಡಪು ನನಗೆ ಇನ್ನೂ ಬಾಯಿಪಾಠ. "ಸಣ್ಣಕ್ಕಿ ಅನ್ನದ ಮ್ಯಾಲೆ ಸಾಜೂಕ ತುಪ್ಪ, ಪ್ರಲ್ಹಾದರಾಯರ ಹೆಸರು ಹೇಳಿದರ ನಂದೇನು ತಪ್ಪ?" ಆಮೇಲೆ ಹತ್ತಿರ ಹತ್ತಿರ ಇಪ್ಪತ್ತೈದು ವರ್ಷ ಅವರು "ಇವರು", "ನಮ್ಮನಿಯವರು" ಆಗಿಯೇ ಉಳಿದರು. ಎಂಎಸ್ಸಿ ಗಣಿತ ಮಾಡಿದವಳು, ಅಮೆರಿಕಕ್ಕೆ ಬಂದು ಎರಡು ದಶಕವಾಗಿತ್ತು. ಆದರೂ ಇನ್ಶೂರೆನ್ಸ್‌ನವರು ಫೋನಿನಲ್ಲಿ ಗಂಡನ ಹೆಸರು ಕೇಳಿದರೆ ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತಿದ್ದಳೇ ಹೊರತು ಕೂಡಿಸಿ ಹೇಳುತ್ತಿರಲಿಲ್ಲ. ಭಾವ ಪಕ್ಕದಲ್ಲಿ ಕೂತು ಮುಸಿ ಮುಸಿ ನಗುತ್ತಿದ್ದರು.

ಪೆರು ದೇಶದ ಪ್ರವಾಸವನ್ನು ಬುಕ್ ಮಾಡಿದ್ದು ಭಾವನೇ, ಕೆಲಸ ಹೋಗುವುದಕ್ಕೂ ಮೊದಲು. ಮದುವೆಯ ಇಪ್ಪತ್ತೈದನೇ ವರ್ಷಕ್ಕೆಂದು. ಇಂಕಾ ಜನ ಗಾರೆಯಿಲ್ಲದೆ ಕಟ್ಟಿದ ಗೋಡೆಗಳಲ್ಲಿ ಕಲ್ಲು ಕಲ್ಲಿನ ನಡುವೆ ಬ್ಲೇಡೂ ತೂರುವುದಿಲ್ಲ ಎಂದು ಎಲ್ಲೋ ಓದಿದ್ದರು. ಅದು ನಿಜವೋ ಸುಳ್ಳೋ ತಾನೇ ನೋಡಬೇಕು ಎಂಬ ಹಟ. ಚಿಕಾಗೋಗೆ ಬಂದಾಗಲೆಲ್ಲ ಡೆವನ್ ಅವೆನ್ಯೂದಲ್ಲಿ ತಿಂಗಳ ದಿನಸಿ ಕೊಂಡು, ಚಾಟ್ ತಿಂದು ಹೋಗುವುದು ಅವರ ಪದ್ಧತಿ. ಅಲ್ಲಿಯೇ ಒಬ್ಬ ಟ್ರಾವೆಲ್ ಏಜೆಂಟನ ಹತ್ತಿರ ಮಾಡಿಸಿದ್ದರು. ಅಕ್ಕನ ಮಗಳು ಆನ್ ಆರ್ಬರಿನಲ್ಲಿ ಓದುತ್ತಿದ್ದಳು. ಬೇಸಿಗೆಯಲ್ಲಿ ಅವಳೇ ನನಗೆ ಫೋನ್ ಮಾಡಿ "ಜಸ್ಟ್ ಟೇಕ್ ಹರ್, ಮಾಮಾ" ಎಂದಳು. ಅಕ್ಕ ಒಲ್ಲೆ ಎನ್ನುತ್ತಾಳೆ ಎಂದುಕೊಂಡಿದ್ದೆ. ಹೂಂ ಎಂದುಬಿಟ್ಟಳು.

ನಾನು ಡೆವನ್‌ಗೆ ಹೋಗಿ ನನ್ನ ಹೆಸರನ್ನೂ ಸೇರಿಸಿ ಎಂದೆ. ಭಾವನ ಹೆಸರು ತೆಗೆಯಿರಿ ಎನ್ನುವ ಮಾತು ಮಾತ್ರ ಬಾಯಿಗೆ ಬರಲಿಲ್ಲ. ಏಜೆಂಟ್ ಭಾವನನ್ನು ಬಲ್ಲವನು, ಹೇಗಿದ್ದಾರೆ ರಾವ್ ಸಾಬ್ ಎಂದು ಕೇಳಿದ. ನಾನು ಚೆನ್ನಾಗಿದ್ದಾರೆ ಎಂದು ಹೇಳಿ ಹೊರಗೆ ಬಂದೆ. ಇಷ್ಟು ದೊಡ್ಡ ಗಂಡಸು, ಇಂಥ ಸಣ್ಣ ಕೆಲಸ ಮಾಡಲಾಗದೆ ಬೀದಿಯಲ್ಲಿ ಪಾರ್ಕಿಂಗ್ ಮೀಟರಿನ ಪಕ್ಕ ನಿಂತು ಕಣ್ಣೊರೆಸಿಕೊಂಡೆ. ಹಾಗಾಗಿ ಪ್ರವಾಸಿಗರ ಪಟ್ಟಿಯಲ್ಲಿ ನಮ್ಮ ಮೂರು ಹೆಸರು ಉಳಿದವು. ಇದು ನನ್ನ ತಪ್ಪು. ಮುಂದಿನದಕ್ಕೆಲ್ಲ ಇದೇ ಕಾರಣವೆಂದು ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ.

ಕುಸ್ಕೊ ಊರು ಹನ್ನೊಂದು ಸಾವಿರ ಅಡಿ ಎತ್ತರದಲ್ಲಿದೆ. ಇಳಿದ ದಿನವೇ ನಾನು ಕಿವಿ ಕಟ್ಟಿ, ತಲೆ ಎತ್ತಲಾರದೆ ಹೋಟೆಲಿನ ಹಾಸಿಗೆಯಲ್ಲಿ ಬಿದ್ದೆ. ಅಕ್ಕನಿಗೆ ಏನೂ ಆಗಲಿಲ್ಲ. ಗೈಡ್ ಎಲ್ಲರನ್ನೂ ಕರೆದು ಪರಿಚಯ ಮಾಡಿಕೊಳ್ಳುವ ಸಭೆಗೆ ಅವಳೊಬ್ಬಳೇ ಹೋಗಿಬಂದಳು. ಅಲ್ಲಿ ಏನು ಮಾತಾಯಿತು ಎಂದು ನಾನು ಕೇಳಲಿಲ್ಲ.

ಗೈಡ್ ಹೆಸರು ಎಲೆನಾ. ಐವತ್ತರ ಆಸುಪಾಸಿನ ಹೆಂಗಸು. ಎರಡು ಜಡೆ, ಕೈಯಲ್ಲಿ ನೀಲಿ ಕೊಡೆ, ನಿಧಾನವಾದ ಸ್ಪಷ್ಟ ಇಂಗ್ಲಿಷ್. ನಮ್ಮ ಗುಂಪಿನಲ್ಲಿ ಬೇರೆ ಬೇರೆ ಊರಿನ ಹನ್ನೆರಡು ಹದಿಮೂರು ಜನ ಇದ್ದೆವು. ಮೊದಲ ಬೆಳಿಗ್ಗೆ ಊರಿನ ಮೇಲಿನ ಕೋಟೆಗೆ ಕರೆದುಕೊಂಡು ಹೋದಳು. ಆನೆ ಗಾತ್ರದ ಕಲ್ಲುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಬಿಸಿಲು ಚುಚ್ಚುತ್ತದೆ, ನೆರಳು ಕೊರೆಯುತ್ತದೆ. ಗಾಳಿ ಎಷ್ಟು ತೆಳುವೆಂದರೆ ನಡೆದದ್ದು ನಾನೋ ಇನ್ನಾರೋ ಎನ್ನಿಸುವಂತಿತ್ತು. ಅಕ್ಕ ಪರ್ಸಿನಿಂದ ಏನೋ ತೆಗೆದು ನನ್ನ ಕೈಗೆ ಕೊಟ್ಟಳು. ಭಾವನ ಫೀಲರ್ ಗೇಜ್. ಸಂದಿನ ಅಗಲ ಅಳೆಯಲು ಬಳಸುವ, ಕಾಗದಕ್ಕಿಂತ ತೆಳುವಾದ ಉಕ್ಕಿನ ಎಸಳುಗಳ ಕಟ್ಟು. ಕಾವಲಿನವ ಆಚೆ ತಿರುಗಿದಾಗ ನಾನು ಎಲ್ಲಕ್ಕಿಂತ ತೆಳುವಾದ ಎಸಳನ್ನು ಎರಡು ಕಲ್ಲುಗಳ ನಡುವೆ ಒತ್ತಿ ನೋಡಿದೆ. ಹೋಗಲಿಲ್ಲ. ಅಕ್ಕ ಗೋಡೆಯ ಕಡೆ ನೋಡಿ, ಆಯ್ತಲ್ಲ ಎನ್ನುವಂತೆ ಸುಮ್ಮನೆ ತಲೆಯಾಡಿಸಿದಳು.

ಹೊರಡುವಾಗ ಎಲೆನಾ ನಮ್ಮನ್ನು ಸಾಲಾಗಿ ನಿಲ್ಲಿಸಿದಳು. ಅವಳ ಹಳ್ಳಿಯಲ್ಲಿ ಒಂದು ಪದ್ಧತಿಯಂತೆ. ಮನಸ್ಸಿಗೆ ಹಿಡಿಸಿದ ಜಾಗದಿಂದ ಏಳುವಾಗ ಹೆಸರು ಹಿಡಿದು ಕರೆದುಕೊಳ್ಳಬೇಕು. ಇಲ್ಲದಿದ್ದರೆ ಮೈ ಮನೆಗೆ ಹೋಗುತ್ತದೆ, ಜೀವದ ಒಂದು ತುಂಡು ಅಲ್ಲೇ ಉಳಿಯುತ್ತದೆ. ಆಮೇಲೆ ಮನುಷ್ಯ ಊಟ ಬಿಡುತ್ತಾನೆ, ನಿದ್ದೆ ಬಿಡುತ್ತಾನೆ. ಇದು ಪ್ರವಾಸಿಗರನ್ನು ರಂಜಿಸುವ ಆಟ ಎಂದು ನನಗೆ ಗೊತ್ತಿತ್ತು. ಜನರನ್ನು ಎಣಿಸುವ ಉಪಾಯವೂ ಹೌದು. ಅವಳು ಪಟ್ಟಿ ಹಿಡಿದು ಒಂದೊಂದೇ ಹೆಸರು ಕರೆದು "ಬಾ, ಹೋಗೋಣ, ಇಲ್ಲಿ ಉಳಿಯಬೇಡ" ಎನ್ನುವಳು. ಕರೆಸಿಕೊಂಡವರು ಓಗೊಟ್ಟ ಮೇಲೆಯೇ ಮುಂದಿನ ಹೆಸರು. ನನ್ನದಾಯಿತು, ಅಕ್ಕನದಾಯಿತು. ಆಮೇಲೆ ಭಾವನ ಹೆಸರು ಕರೆದಳು.

ಅಕ್ಕ ತನ್ನ ಬೂಟು ನೋಡುತ್ತ ನಿಂತಿದ್ದಳು. ಎಲೆನಾ ನಮ್ಮ ತಲೆಗಳ ಮೇಲಿಂದ ಹಿಂದಕ್ಕೆ ನೋಡಿದಳು, ಒಂದು ಗಳಿಗೆ ಕಾದಳು, ಓಗೊಟ್ಟದ್ದು ಕೇಳಿಸಿದವಳಂತೆ ತಲೆಯಾಡಿಸಿ ಮುಂದಿನ ಹೆಸರಿಗೆ ಹೋದಳು. ಎಷ್ಟು ಸಹಜವಾಗಿ ಎಂದರೆ ನನಗೆ ಹಿಂದಕ್ಕೆ ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಬಸ್ಸಿನಲ್ಲಿ ನಾನು ಅಕ್ಕನಿಗೆ ಮೆಲ್ಲಗೆ, ತಪ್ಪು ನನ್ನದು, ಸಂಜೆ ಅವಳಿಗೆ ಹೇಳಿ ಹೆಸರು ತೆಗೆಸುತ್ತೇನೆ ಎಂದೆ. ಅಕ್ಕ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

"ತಗಸಬ್ಯಾಡೋ," ಅಂದಳು. "ಜನವರಿಯಿಂದ ಯಾರೂ ಅವರ ಹೆಸರು ತಗೊಂಡಿಲ್ಲ. ನೀನೂ ತಗೊಂಡಿಲ್ಲ. ನನಗಂತೂ ತಗೊಳ್ಳಿಕ್ಕೆ ಬರೂದಿಲ್ಲ. ಆಕಿ ಒಬ್ಬಾಕಿಯರೆ ಕರೀಲಿ."

ಅವಳ ಮಾತು ನಿಜವಾಗಿತ್ತು. ನೋವೈಯ ನಮ್ಮ ಜನ ಎಷ್ಟೊಂದು ಸಾರು ಪಲ್ಯ ತಂದುಕೊಟ್ಟಿದ್ದರು, ಎಷ್ಟು ಸಲ ಬಂದು ಕೂತಿದ್ದರು. ಎಲ್ಲರೂ ಹವೆ, ಮಕ್ಕಳ ಕಾಲೇಜು, ಯಾರ ಕೆಲಸ ಹೋಯಿತು ಇಷ್ಟನ್ನೇ ಮಾತಾಡಿ ಎದ್ದು ಹೋಗುತ್ತಿದ್ದರು. ಅಕ್ಕನಿಗೆ ನೋವಾದೀತೆಂದು ಭಾವನ ಹೆಸರನ್ನು ನಾವೆಲ್ಲ ಸೇರಿ ಮನೆಯಿಂದ ಹೊರಗೆ ಹಾಕಿದ್ದೆವು. ನನಗೆ ನಾಚಿಕೆಯಾಯಿತು. ಎಲೆನಾಗೆ ನಾನು ಏನೂ ಹೇಳಲಿಲ್ಲ.

ಮಾರನೆಯ ದಿನ ಪೀಸಾಕ್ ಎಂಬ ಊರಿಗೆ ಹೋದೆವು. ಮೇಲೆ ಗುಡ್ಡದಲ್ಲಿ ಪಾಳುಬಿದ್ದ ಊರು, ಕೆಳಗೆ ಸಂತೆ. ಕಂಬಳಿ, ಮಡಕೆ, ಬೆಳ್ಳಿಯ ಓಲೆ, ಅಲ್ಪಾಕಾ ಉಣ್ಣೆಯ ಶಾಲು. ಬಣ್ಣದಲ್ಲಿ ಅದ್ದಿದ ನೂಲಿನ ವಾಸನೆ ಬಿಸಿಲಿಗೆ ಏರಿ ಮಂಪರು ಬರುವಂತಿತ್ತು. ಅಕ್ಕ ಒಬ್ಬ ಮುದುಕಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. ಮುದುಕಿ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು, ಮಗ್ಗದ ಇನ್ನೊಂದು ತುದಿಯನ್ನು ಕಂಬಕ್ಕೆ ಬಿಗಿದು ನೇಯುತ್ತಿದ್ದಳು. ಕಿವಿ ಮುಚ್ಚುವ ಗಂಡಸರ ಟೋಪಿಯೊಂದನ್ನು ಅಕ್ಕ ಎತ್ತಿಕೊಂಡಳು. ಅಳತೆ ಎಷ್ಟು ಎಂದು ಮುದುಕಿ ಕೈಸನ್ನೆಯಲ್ಲಿ ಕೇಳಿದಾಗ, ಎರಡೂ ಅಂಗೈಯನ್ನು ಎದುರುಬದುರು ಹಿಡಿದು ಒಂದು ತಲೆಯ ಅಳತೆ ತೋರಿಸಿದಳು. ನಾನು ಮಡಕೆಗಳ ಕಡೆ ನಡೆದೆ. ಆ ಮಧ್ಯಾಹ್ನ ಅಕ್ಕ ಹೊಟ್ಟೆ ತುಂಬ ಊಟ ಮಾಡಿದಳು. ಬೇಯಿಸಿದ ಮೆಕ್ಕೆತೆನೆ ಕಡಿಯುತ್ತ, ನಮ್ಮೂರಿನ ಗ್ವಾಂಜಾಳದಷ್ಟು ರುಚಿ ಇಲ್ಲ ಎಂದು ತಕರಾರು ಬೇರೆ. ಸಂಜೆ ಹೊರಡುವಾಗ ಎಲೆನಾ ಭಾವನ ಹೆಸರು ಕರೆದಳು, ಕಾದಳು, ತಲೆಯಾಡಿಸಿದಳು. ಅಕ್ಕನ ಮುಖ ತಿಳಿಯಾಗಿತ್ತು. ನಾನು ಒಳ್ಳೆಯದೇ ಆಯಿತು ಎಂದುಕೊಂಡೆ.

ಒಳ್ಳೆಯದಾಗಲಿಲ್ಲ. ಮೂರನೆಯ ದಿನ ನನಗೆ ಒಂದು ಸಂಗತಿ ಗಮನಕ್ಕೆ ಬಂತು. ಭಾವನ ಹೆಸರು ಕರೆದಾಗ ಎಲೆನಾ ಕಾಯುವುದು ಕಮ್ಮಿಯಾಗುತ್ತಿತ್ತು, ಅಕ್ಕನ ಹೆಸರು ಕರೆದಾಗ ಹೆಚ್ಚಾಗುತ್ತಿತ್ತು. ಮಾಚು ಪಿಚುವಿನಲ್ಲಿ ಅವಳನ್ನು ಮೂರು ಸಲ ಕರೆಯಬೇಕಾಯಿತು. ಮೋಡ ಗೋಡೆಗಳ ನಡುವೆಯೇ ಹಾದುಹೋಗುತ್ತಿತ್ತು. ಅಕ್ಕ ಎಲ್ಲರಿಗಿಂತ ಹಿಂದೆ, ಗೋಡೆಗೆ ಭುಜ ತಾಗಿಸಿಕೊಂಡು, ಯಾರೊಂದಿಗೋ ಹೆಜ್ಜೆ ಹೊಂದಿಸಿ ನಡೆಯುವವಳ ಹಾಗೆ ಬರುತ್ತಿದ್ದಳು. ಒಂದು ಗಳಿಗೆ ಬಿಳಿ ಮೋಡದಲ್ಲಿ ಪೂರಾ ಕಾಣೆಯಾದಳು. ನಾನು ಓಡಿ ಹೋಗಿ ಕೈ ಹಿಡಿದೆ. ಕೈ ತಣ್ಣಗಿತ್ತು.

"ಇಲ್ಲೆ ಭಾಳ ಹಗುರ ಅನಸ್ತದ," ಅಂದಳು. "ನೀ ಮುಂದ ನಡಿ. ನಮಗ ಅವಸರಿಲ್ಲ."

ನನಗೆ ಅವಸರಿಲ್ಲ ಎನ್ನಲಿಲ್ಲ, ನಮಗೆ ಎಂದಳು. ನಾಲ್ಕನೆಯ ದಿನ ಮತ್ತೆ ಊಟ ಬಿಟ್ಟಳು. ನೋವೈಯ ಮನೆಯ ಮಾತೆತ್ತಿದರೆ, ಯಾವುದೋ ಕೇಳರಿಯದ ಊರಿನ ಹೆಸರು ಹೇಳಿದೆನೋ ಎಂಬಂತೆ ನನ್ನನ್ನು ನೋಡುತ್ತಿದ್ದಳು. ಅಕ್ಕ ನನ್ನ ಜೊತೆ ವಾಪಸು ಬರುತ್ತಾಳೆಯೇ ಎಂಬ ಭಯ ಆಗ ಹುಟ್ಟಿತು. ಮೈ ಬಂದೀತು, ಟಿಕೆಟ್ ಇದೆ. ನನಗೆ ಬೇಕಾದದ್ದು ಮೈಯಲ್ಲ. ಅವ್ವ ತೀರಿಕೊಂಡಾಗ ನನಗೆ ಎಂಟು ವರ್ಷ. ಆಮೇಲೆ ತಲೆ ಬಾಚಿದವಳು, ಪರೀಕ್ಷೆಗೆ ಎಬ್ಬಿಸಿದವಳು ಇವಳು. ಇವಳೂ ಹೋದರೆ ನನ್ನನ್ನು "ಏನೋ" ಎಂದು ಸಲಿಗೆಯಿಂದ ಕರೆಯಲು ಭೂಮಿಯ ಮೇಲೆ ಯಾರೂ ಇರುವುದಿಲ್ಲ.

ಕೊನೆಯ ದಿನ ವಿಮಾನ ಹತ್ತುವ ಮೊದಲು ಚಿಂಚೆರೊ ಎಂಬ ಊರು. ಮಧ್ಯಾಹ್ನದ ಹೊತ್ತು. ಹಳೆಯ ಅರಮನೆಯ ಗೋಡೆ, ಅದರ ಮುಂದೆ ನೇಕಾರ ಹೆಂಗಸರ ಸಂತೆ, ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಹಸಿರು ಗದ್ದೆ. ಹೊರಡುವ ವೇಳೆಗೆ ಎಲೆನಾ ಪಟ್ಟಿಯನ್ನು ಮಡಚಿ ಇಟ್ಟುಕೊಂಡಳು. ಕೊನೆಯ ಜಾಗದಲ್ಲಿ ತಾನು ಕರೆಯುವುದಿಲ್ಲ, ಪರರ ದನಿ ಇಷ್ಟು ದಿನ ಸಾಕು, ನಿಮ್ಮ ನಿಮ್ಮವರನ್ನು ನೀವೇ ಕರೆದುಕೊಂಡು ಹೋಗಬೇಕು ಎಂದಳು. ಎಲ್ಲರೂ ನಗುತ್ತ ಗಂಡನನ್ನು ಹೆಂಡತಿಯನ್ನು ಕರೆದುಕೊಂಡು ಬಸ್ಸಿಗೆ ಇಳಿದರು.

ಅಕ್ಕ ಮೇಲಿನ ಗೋಡೆಯ ಹತ್ತಿರ ನಮಗೆ ಬೆನ್ನು ಮಾಡಿ ನಿಂತಿದ್ದಳು. ಆ ಗೋಡೆಯಲ್ಲಿ ಆಳೆತ್ತರದ ಗೂಡುಗಳಿವೆ. ಅವಳು ಒಂದು ಗೂಡಿನ ಎದುರು ನಿಂತಿದ್ದಳು. ನಾನು ಹತ್ತಿರ ಹೋಗಲೋ ಬೇಡವೋ ಎಂದು ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತೆ. ಆಮೇಲೆ ಅವಳ ದನಿ ಕೇಳಿತು. ಒಡಪಿಲ್ಲ, ಪ್ರಾಸವಿಲ್ಲ.

"ಪ್ರಲ್ಹಾದ," ಅಂದಳು. ಸ್ವಲ್ಪ ತಡೆದು, "ನೀವು ಇಲ್ಲೇ ಇರ್ರಿ. ಗ್ವಾಡಿ ಎಲ್ಲಾ ಸಾವಕಾಶ ನೋಡ್ರಿ. ನಾ ಹೋಗ್ತೀನಿ."

ಹೋಗಿ ಬರ್ತೀನಿ ಅನ್ನಲಿಲ್ಲ. ನಮ್ಮಲ್ಲಿ ತರಕಾರಿಗೆ ಹೊರಟರೂ ಹೋಗ್ತೀನಿ ಎಂದು ಹೇಳುವುದಿಲ್ಲ. ಗೂಡಿನ ಮುಂದಿನ ಹುಲ್ಲು ಗಾಳಿಗೆ ಅಲುಗಿತು, ಮತ್ತೆ ನಿಂತಿತು. ಅಕ್ಕ ತಿರುಗಲಿಲ್ಲ. ಈಗ ಅವಳನ್ನು ಕರೆಯುವವನು ನಾನು. ಹುಟ್ಟಿದಾಗಿನಿಂದ ಅಕ್ಕಾ ಎಂದಷ್ಟೇ ಕರೆದವನು, ಆದರೆ ಪದ್ಧತಿ ಹೆಸರು ಕೇಳುತ್ತದೆ. ಅಲ್ಲಿ ನಿಂತು ನಾನು ಆ ಪದ್ಧತಿಯನ್ನು ಪೂರಾ ನಂಬಿದ್ದೆ, ಸುಳ್ಳೇಕೆ ಹೇಳಲಿ.

"ವತ್ಸಲಾ, ಬಾ, ಹೋಗೋಣು. ಇಲ್ಲೆ ಉಳೀಬ್ಯಾಡ."

ಎರಡನೇ ಸಲ ಕೂಗಿದೆ. ಮೂರನೇ ಸಲ ನನ್ನ ದನಿ ಒಡೆದು ಹುಡುಗನ ದನಿಯಾಯಿತು. ಆಗ ಅಕ್ಕ ತಿರುಗಿದಳು. ಮುಖವೆಲ್ಲ ಕಣ್ಣೀರು.

"ಓ. ಬಂದೆ," ಅಂದಳು. ಹತ್ತಿರ ಬಂದು ಸೆರಗಿಲ್ಲದ್ದಕ್ಕೆ ಜಾಕೆಟ್ಟಿನ ತೋಳಿನಿಂದ ಮೂಗೊರೆಸಿಕೊಂಡು, "ಅಕ್ಕನ ಹೆಸರು ಹಿಡದು ಕರೀತಿ. ಭಾಳ ದೊಡ್ಡಾಂವ ಆಗೀದಿ," ಎಂದು ನಕ್ಕಳು. ಬಸ್ಸಿನವರೆಗೂ ನನ್ನ ತೋಳು ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಬಸ್ಸು ಹೊರಡಲಿಲ್ಲ. ಎಲೆನಾ ಬಾಗಿಲಲ್ಲಿ ನಿಂತು ಒಳಗೆಲ್ಲ ಕಣ್ಣಾಡಿಸಿದಳು, ಪಟ್ಟಿ ತೆಗೆದಳು, ಭಾವನ ಹೆಸರು ಕರೆದಳು. ಕಾದಳು. ಮತ್ತೆ ಕರೆದಳು. ನಾವು ಏನಾದರೂ ಹೇಳುವ ಮೊದಲೇ ಕೊಡೆ ಬಿಸುಟು ಮೇಲಕ್ಕೆ ಓಡಿದಳು. ಅವಳು ಗದ್ದೆಯ ಒಂದೊಂದು ಮೆಟ್ಟಿಲಿನಲ್ಲೂ ಹುಡುಕುವುದು ಕಿಟಕಿಯಿಂದ ಕಾಣುತ್ತಿತ್ತು. ಸಂತೆಯ ಹೆಂಗಸರನ್ನು ಕೇಳುತ್ತಿದ್ದಳು. ಡ್ರೈವರ್ ಎರಡು ಸಲ ಹಾರ್ನ್ ಹೊಡೆದ. ನಾನು ಇಳಿದು ಓಡಿ ಹೋಗಿ ಅವಳನ್ನು ತಡೆದು, ಆತ ಜನವರಿಯಲ್ಲೇ ತೀರಿಕೊಂಡರು, ಹೆಸರು ಉಳಿದದ್ದು ನನ್ನ ತಪ್ಪು ಎಂದೆ.

ಎಲೆನಾ ಏದುಸಿರು ಬಿಡುತ್ತ ನನ್ನನ್ನು ನೋಡಿದಳು. ನಿನಗೆ ಅರ್ಥವಾಗುತ್ತಿಲ್ಲ, ಆತ ನಮ್ಮ ಜೊತೆಗೇ ಇದ್ದರು ಎಂದಳು. ಐದು ದಿನದಿಂದ ನಿನ್ನ ಅಕ್ಕನ ಹಿಂದೆ ಬರುವವರು, ಬೂದು ಸ್ವೆಟರಿನವರು, ಸಾಲಿನಲ್ಲಿ ನಿಲ್ಲದೆ ಗೋಡೆಯ ಪಕ್ಕ ನಿಲ್ಲುವವರು. ಕರೆದರೆ ತಲೆ ತಿರುಗಿಸದೆಯೇ ಉತ್ತರ ಕೊಡುತ್ತಾರೆ. ಆ ಉತ್ತರವನ್ನು ಅವಳು ಹೇಳಿ ತೋರಿಸಿದಳು. ಗಂಟಲಿನಿಂದ, ಸ್ವಲ್ಪ ಎಳೆದು, "ಓ."

ಭಾವ ವರ್ಕ್‌ಬೆಂಚಿನ ಮುಂದೆ ಕೂತಾಗ, ಊಟಕ್ಕೆ ಬರ್ರಿ ಎಂದು ಅಕ್ಕ ಮೇಲಿನಿಂದ ಕೂಗಿದರೆ, ಬೇಸ್‌ಮೆಂಟಿನಿಂದ ಬರುತ್ತಿದ್ದ ಓ ಅದೇ.

ನಾನು ಎಲ್ಲ ರೀತಿಯಿಂದ ಲೆಕ್ಕ ಹಾಕಿದ್ದೇನೆ. ಅಕ್ಕನನ್ನು ಕೇಳಿದಾಗ, ಮೊದಲ ದಿನದ ಸಭೆಯಲ್ಲಿ ಗಂಡ ಎಲ್ಲಿ ಎಂದು ಎಲೆನಾ ವಿಚಾರಿಸಿದ್ದಕ್ಕೆ "ಹಿಂದೆ ಬರುತ್ತಿದ್ದಾರೆ" ಎಂದು ಬಾಯಿತಪ್ಪಿ ಹೇಳಿದ್ದಾಗಿ ಒಪ್ಪಿಕೊಂಡಳು. ಸ್ವೆಟರಿನ ಮಾತು ಆಡಿಲ್ಲವಂತೆ. ಬೂದು ಸ್ವೆಟರಿನ ಪ್ರವಾಸಿಗರು ಅಲ್ಲಿ ನೂರು ಜನ ಇದ್ದರು. ಅಕ್ಕನ ಓ ಕೇಳಿ ಎಲೆನಾಗೆ ಅದು ನಾಲಿಗೆಗೆ ಹತ್ತಿರಲೂಬಹುದು. ಎತ್ತರದ ಗಾಳಿ ಯಾರ ತಲೆಯನ್ನಾದರೂ ತಿರುಗಿಸುತ್ತದೆ. ಆದರೆ ಅವಳು ಅಲ್ಲೇ ಹುಟ್ಟಿದವಳು. ಬಿಡಿ ಬಿಡಿಯಾಗಿ ಎಲ್ಲಕ್ಕೂ ಉತ್ತರ ಇದೆ, ಕೂಡಿಸಿದರೆ ಲೆಕ್ಕ ಹತ್ತುವುದಿಲ್ಲ.

ಅಕ್ಕ ಆ ಶರದೃತುವಿನಲ್ಲಿ ನೋವೈಯ ಮನೆ ಬಿಟ್ಟು ಮಗಳ ಊರಿಗೆ ಹೋದಳು. ಈಗ ಅಲ್ಲಿ ಶಾಲೆಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾಳೆ, ಚೆನ್ನಾಗಿ ಉಣ್ಣುತ್ತಾಳೆ, ನನ್ನ ಹೊಟ್ಟೆ ಬಂದಿದೆ ಎಂದು ಆಡಿಕೊಳ್ಳುತ್ತಾಳೆ. ಪ್ರಲ್ಹಾದ ಇದ್ದಿದ್ದರೆ ಹೀಗೆ, ಪ್ರಲ್ಹಾದ ಅಂತಿದ್ದರು ಹಾಗೆ ಎಂದು ದಿನಕ್ಕೆ ಹತ್ತು ಸಲ ಹೆಸರು ಹೇಳುತ್ತಾಳೆ. ಕಳೆದ ಚಳಿಗಾಲದಲ್ಲಿ, ಇಷ್ಟು ವರ್ಷ ಕೇಳದೆ ಉಳಿದ ಒಂದು ಮಾತನ್ನು ಫೋನಿನಲ್ಲಿ ಕೇಳಿಬಿಟ್ಟೆ. ಅಲ್ಲಿ ನಿನಗೆ ಭಾವನ ಓ ಕೇಳುತ್ತಿತ್ತೇ ಎಂದು.

"ಯಾಕೋ," ಅಂದಳು, "ನಿನಗ ಕೇಳಸ್ತಿದ್ದಿಲ್ಲೇನು?"

ಅಲ್ಲಿ ನನ್ನ ಕಿವಿ ಕಟ್ಟಿತ್ತು ಎಂದೆ. ಅದು ನಿಜ. ಆದರೆ ಕಟ್ಟಿದ್ದು ಮೊದಲ ಎರಡು ದಿನ ಮಾತ್ರ. ಉಳಿದ ಮೂರು ದಿನ ನನ್ನ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು.